ನಾಯಕ್ ಅಪ್ಪಲಸ್ವಾಮಿಯ ಹಾಜರಿ

ನಮ್ಮ ಬಳಗದಲ್ಲಿ ‘ಪರದೇಶದಾಕಿ’ ಎಂದರೆ ಒಬ್ಬಳೇ, ವಿಶಾಖಪಟ್ಟಣದ ಸಣ್ಣವ್ವ. ನಮ್ಮವ್ವನ ಕೊನೆಯ ತಂಗಿ, ಹೆಸರು ಶಕುಂತಲಾ. ಬ್ಯಾಂಕಿನ ಕೆಲಸಕ್ಕೆ ಸೇರಿ, ವರ್ಗವಾಗಿ, ‘ಎರಡು ವರ್ಷ ಇದ್ದು ಬರ್ತೀನಿ’ ಎಂದು ಹಾಸಿಗೆ ಸುತ್ತಿಕೊಂಡು ಹೋದವಳು, ಅಲ್ಲಿ ಬಂದರಿನಲ್ಲಿ ಕೆಲಸಕ್ಕಿದ್ದ ತೆಲುಗಿನವರನ್ನು ಮದುವೆಯಾಗಿ ನಿಂತೇಬಿಟ್ಟಳು. ಆಮೇಲೆ ನಮ್ಮ ಕಡೆಯ ಹುಡುಗರು ದುಬೈಗೂ ಮಸ್ಕತ್ತಿಗೂ ಹೋದರು. ಅವರನ್ನು ಯಾರೂ ಪರದೇಶದವರು ಎನ್ನಲಿಲ್ಲ. ವರ್ಷಕ್ಕೊಮ್ಮೆ ತಪ್ಪದೆ ಬಂದು ಉಂಡು ಹೋಗುವವರು ಎಂಥ ಪರದೇಶದವರು?

ಹಾಗಾಗಿ ಇದು ಪಾಸ್‌ಪೋರ್ಟ್ ಬೇಡದ ಪರದೇಶ ಪ್ರವಾಸದ ವರದಿ. ಹುಬ್ಬಳ್ಳಿಯ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಬೇರೆಯವರ ಬರಹ ತಿದ್ದುವುದು ನನ್ನ ಕೆಲಸ. ಆಧಾರವಿಲ್ಲದ ವಾಕ್ಯ ಕಂಡರೆ ಹೊಡೆದುಹಾಕುವುದು ಅಭ್ಯಾಸ. ಈ ಬರಹದ ಮೇಲೂ ಆ ಕತ್ತರಿ ಆಡಿಸಿದ್ದೇನೆ. ಆಡಿಸಿದ ಮೇಲೆ ಉಳಿದದ್ದು ಇದು.

ವಿಶಾಖಪಟ್ಟಣ

ಸಣ್ಣವ್ವನ ಫೋನು ಬಂದದ್ದು ದಸರೆಗೆ ಇನ್ನೂ ಮೂರು ವಾರ ಇರುವಾಗ. “ಸುಮಾ, ಒಂದು ಪೆಟಿಗಿ ವಿಜಯವಾಡಕ್ಕ ಒಯ್ಯೋದೈತಿ. ನನ್ನ ಒಬ್ಬಾಕಿ ಕಡಿಂದ ಆಗೂದಿಲ್ಲ. ರಜಾ ಹಾಕಿ ಬಾ.” ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದೆ. “ಬಾ, ತೋರಸ್ತೀನಿ. ಫೋನಿನ್ಯಾಗ ಹೇಳೂ ಮಂದಿ ಅಲ್ಲ ಅವರು” ಎಂದಳು. ವಸ್ತುವಿಗೆ ‘ಅವರು’ ಎಂದದ್ದು ಆಗಲೇ ಗಮನಕ್ಕೆ ಬಂತು.

ಅವಳ ಫ್ಲ್ಯಾಟು ಬಂದರಿನ ಕಲ್ಲಿದ್ದಲ ಧೂಳು ಹೊತ್ತ ಗಾಳಿ ಬೀಸುವ ಕಡೆ ಇದೆ. ಬೆಳಿಗ್ಗೆ ಒರೆಸಿದ ಬಾಲ್ಕನಿಯ ಕಟಕಟೆ ಮಧ್ಯಾಹ್ನಕ್ಕೆ ಕಪ್ಪಗಾಗಿರುತ್ತದೆ. ಧಾರವಾಡದ ಕಡೆಯ ಹೆಣ್ಣುಮಕ್ಕಳು ಕೆಂಪು ಧೂಳಿನ ಜೊತೆ ಜಗಳ ಆಡುತ್ತಾರೆ, ಸಣ್ಣವ್ವ ಕಪ್ಪು ಧೂಳಿನ ಜೊತೆ ಆಡುತ್ತಾಳೆ. ಬಟ್ಟೆ ಅದೇ, ಬೈಗುಳವೂ ಅದೇ. ಕನ್ನಡವೂ ಅದೇ, ಆದರೆ ಎರಡು ಮಾತಿಗೊಮ್ಮೆ ತುದಿಗೆ ತೆಲುಗಿನ ಮರ್ಯಾದೆಯ ‘ಅಂಡಿ’ ಸೇರಿಕೊಂಡಿದೆ. ನನಗೇ “ಊಟಾ ಮಾಡಂಡಿ” ಎಂದು, ನಾಲಿಗೆ ಕಚ್ಚಿಕೊಂಡು, “ಉಣ್ಣಲೇ” ಎಂದು ತಿದ್ದಿಕೊಂಡಳು. ಮರ್ಯಾದೆ ಒಂದೇ ಉಸಿರಿನಲ್ಲಿ ಬಂದು ಹೋಯಿತು.

ಬೆಳಗಿನ ತಿಂಡಿಗೆ ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ಅದರ ಹೊಟ್ಟೆಯೊಳಗೆ ಉಪ್ಪಿಟ್ಟು. ಒಂದು ತಿಂಡಿಯೊಳಗೆ ಇನ್ನೊಂದು ತಿಂಡಿ ಇಡುವ ಧೈರ್ಯ ನಮ್ಮ ಕಡೆ ಇಲ್ಲ. ನಮ್ಮಲ್ಲಿ ಗಿರಮಿಟ್ಟಿನ ಪಕ್ಕ ಮಿರ್ಚಿ ಇಡುತ್ತೇವೆ, ಗಡಿ ದಾಟಿಸುವುದಿಲ್ಲ.

ತಿಂದಾದ ಮೇಲೆ ಸಣ್ಣವ್ವ ಕೈ ತೊಳೆದು, ಮಂಚದ ಕೆಳಗಿನಿಂದ ತಗಡಿನ ಟ್ರಂಕೊಂದನ್ನು ಎಳೆದಳು. ಮುಚ್ಚಳ ತೆರೆದಾಗ ನುಸಿಗುಳಿಗೆ, ಹಳೆಯ ಉಣ್ಣೆ ಮತ್ತು ಕರ್ಪೂರದ ವಾಸನೆ ಒಟ್ಟಿಗೆ ಬಂತು.

ಒಳಗಿದ್ದದ್ದು ಅವಳ ಗಂಡನ ಅಜ್ಜನ ಅಜ್ಜ, ನಾಯಕ್ ಅಪ್ಪಲಸ್ವಾಮಿಯ ಸಾಮಾನು. ಕಂಪನಿ ಸರ್ಕಾರದ ಮದ್ರಾಸ್ ಸೈನ್ಯದಲ್ಲಿದ್ದು, ಹಡಗು ಹತ್ತಿ ಬರ್ಮಾದ ಯುದ್ಧಕ್ಕೆ ಹೋಗಿ ಬಂದ ಸಿಪಾಯಿ, ‘ನಾಯಕ್’ ಆತನ ಹುದ್ದೆ. ಕೆಂಪು ಉಣ್ಣೆಯ ಕೋಟು, ಸೊಂಟಪಟ್ಟಿಯ ಹಿತ್ತಾಳೆ ಬಿಲ್ಲೆ, ಪದಕ, ಒಂದು ಚೆಂಬು, ಬರ್ಮಾದಿಂದ ತಂದ ಅರಗಿನ ಸುಣ್ಣದ ಡಬ್ಬಿ, ಕಾಗದಗಳಿದ್ದ ತಗಡಿನ ಕೊಳವೆ. ಕೊನೆಗೆ ಕೆಂಪು ದಾರ ಪೋಣಿಸಿದ ಒಂದು ಸೀಸದ ಗುಂಡು.

“ಇದು ಅವರ ತೊಡಿಯಾಗಿಂದ ತಗದ ಗುಂಡು” ಎಂದಳು ಸಣ್ಣವ್ವ. “ಊರಿಗೆ ಬಂದ ಮ್ಯಾಲೆ ದಾರ ಹಾಕಿ ಕೊಳ್ಳಾಗ ಕಟ್ಟಿಕೊಂಡಿದ್ದರಂತ.”

ಕಾಗದ ಬಿಚ್ಚಿ ನೋಡಿದೆ. ಸೈನ್ಯದಿಂದ ಬಿಡುಗಡೆಯಾದದ್ದಕ್ಕೆ ಕೊಟ್ಟ ಪತ್ರ ಒಂದು, ಪಿಂಚಣಿಯ ಕಾಗದ ಒಂದು. ಅಂಚುಗಳು ಹುರಿದ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಉಪ್ಪುಗಾಳಿ ಮತ್ತು ಬೆಳ್ಳಿಹುಳ ತಮ್ಮ ಪಾಲು ತಿಂದಿದ್ದವು. ಇನ್ನೊಂದಿಷ್ಟು ಮಳೆಗಾಲ ಕಳೆದರೆ ಓದಲು ಅಕ್ಷರ ಉಳಿಯುವುದಿಲ್ಲ ಎಂಬುದಕ್ಕೆ ತಜ್ಞರು ಬೇಕಿರಲಿಲ್ಲ.

ಆ ಮನೆತನದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಪಿಂಚಣಿ ಪಡೆಯಲು ಅಪ್ಪಲಸ್ವಾಮಿ ಪ್ರತಿ ಸಲ ಖಜಾನೆಯ ಮುಂದೆ ಹೋಗಿ ನಿಲ್ಲಬೇಕಿತ್ತಂತೆ. ಹೆಸರು ಕೂಗುತ್ತಿದ್ದರು, ಈತ ‘ಹಾಜರ್’ ಎನ್ನುತ್ತಿದ್ದ. ಬದುಕಿದ್ದಾನೆ ಎಂದು ಬರೆದುಕೊಂಡು ಹಣ ಕೊಡುತ್ತಿದ್ದರು. ಆತ ತೀರಿಕೊಂಡ ಮೇಲೂ ಮನೆಯವರು ಹಾಜರಿ ಬಿಡಲಿಲ್ಲ. ಪ್ರತಿ ಮಹಾನವಮಿಯಂದು ಬಿಳಿ ಬಟ್ಟೆಯ ಮೇಲೆ ಸಾಮಾನನ್ನೆಲ್ಲ ಸೈನಿಕರ ತಪಾಸಣೆಯಲ್ಲಿ ಇಡುವ ಕ್ರಮದಲ್ಲೇ ಇಡಬೇಕು. ಮನೆಯ ಹಿರಿಯ ಗಂಡಸು ಹೆಸರು ಕೂಗಬೇಕು. ಆ ವರ್ಷ ಪೆಟ್ಟಿಗೆ ಯಾರ ಮನೆಯಲ್ಲಿದೆಯೋ ಆ ಮನೆಯ ಸೊಸೆ ‘ಹಾಜರ್’ ಎನ್ನಬೇಕು. ಆಮೇಲೆ ಒಂದೊಂದೇ ವಸ್ತುವಿನ ಹೆಸರು. ಕೋಟು? ಹಾಜರ್. ಚೆಂಬು? ಹಾಜರ್. ಹೀಗೆ ಕೊನೆಗೆ ಗುಂಡಿನವರೆಗೆ. ಇದಕ್ಕೆ ಮನೆಯವರ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ.

“ಮದಿವ್ಯಾದ ವರ್ಷ ನಂಗ ತೆಲುಗು ಒಂದಕ್ಷರ ಬರತಿದ್ದಿಲ್ಲ” ಎಂದಳು ಸಣ್ಣವ್ವ. “ಎಲ್ಲಾರೂ ನನ್ನ ಮಾರಿ ನೋಡಕೋತ ನಿಂತಿದ್ದರು. ಹಾಜರ್ ಅಂದೆ. ಆ ಮನ್ಯಾಗ ನಾ ಆಡಿದ ಮೊದಲನೇ ಮಾತು ಅದ. ನಮ್ಮತ್ತಿ ಅವತ್ತ ನಂಗ ಸೊಸಿ ಅಂದರು. ಆಮ್ಯಾಲೆ ಬ್ಯಾಂಕಿನ್ಯಾಗ ಪ್ರತಿ ನವೆಂಬರದಾಗ ಪಿಂಚಣಿ ಮುದುಕರ ಸಾಲು ಹಚ್ಚಿ, ಇವರು ಬದುಕ್ಯಾರ ಅಂತ ಬರಕೊಳ್ಳೂದೂ ನನ್ನ ಕೆಲಸಾತು. ಮನ್ಯಾಗ ಒಬ್ಬರು ಸತ್ತವರು, ಬ್ಯಾಂಕಿನ್ಯಾಗ ನೂರಾರು ಮಂದಿ ಬದುಕಿದವರು. ಎಲ್ಲಾರ ಹಾಜರಿನೂ ನಂದ.”

ಈಗ ಇರುವ ತಕರಾರು ಇಷ್ಟೆ. ವಿಜಯವಾಡದ ಒಂದು ಸಂಗ್ರಹಾಲಯದವರು ಪೆಟ್ಟಿಗೆಯನ್ನು ಪಡೆದು, ಕಾಗದ ಉಳಿಸಿ, ಗಾಜಿನೊಳಗೆ ಇಡಲು ಒಪ್ಪಿದ್ದಾರೆ. ಸಣ್ಣವ್ವನ ಗಂಡ ಈಗಿಲ್ಲ. ಗಂಡನ ಅಣ್ಣ ಸೂರ್ಯಾರಾವ್ ವಿಜಯವಾಡದಲ್ಲಿದ್ದಾರೆ, ರೈಲ್ವೆಯ ನಿವೃತ್ತ ಗಾರ್ಡು. ಕೊಡಬೇಕಾದರೆ ಇಬ್ಬರೂ ಒಪ್ಪಬೇಕು. ಸಣ್ಣವ್ವ ಕೊಡೋಣ ಎನ್ನುತ್ತಾಳೆ, ಅವಳ ಬಾವಗಾರು ಬೇಡ ಎನ್ನುತ್ತಾರೆ. ಸಂಗ್ರಹಾಲಯದವರು ಸೂರ್ಯಾರಾವ್ ಮನೆಗೆ ಬಂದು ವಸ್ತುಗಳನ್ನು ನೋಡುವ ದಿನ ನಿಗದಿಯಾಗಿದೆ.

ಭೀಮುನಿಪಟ್ಟಣ

ಹೊರಡುವ ಮೊದಲು ಅಪ್ಪಲಸ್ವಾಮಿಯ ಊರು ನೋಡಿಕೊಂಡು ಬರೋಣ ಎಂದು ಸಣ್ಣವ್ವ ಭೀಮುನಿಪಟ್ಟಣಕ್ಕೆ ಕರೆದುಕೊಂಡು ಹೋದಳು. ಊರಿನವರಿಗೆ ಅದು ಭೀಮಿಲಿ. ಸಮುದ್ರದ ಪಕ್ಕದಲ್ಲೇ ರಸ್ತೆ. ಆಟೋದವನು ದಾರಿಯುದ್ದಕ್ಕೂ ನನ್ನ ಊರು, ಸಂಬಳ, ಗಂಡನ ಕೆಲಸ ವಿಚಾರಿಸಿದ. ನಮ್ಮ ಕಡೆ ಇಷ್ಟು ಪ್ರಶ್ನೆ ಹೆಣ್ಣು ನೋಡಲು ಬಂದವರು ಮಾತ್ರ ಕೇಳುತ್ತಾರೆ.

ಮರಳಿನ ಮೇಲೆ ನಿಂತು ಸಣ್ಣವ್ವ ಕೈ ಚಾಚಿ, “ಇಲ್ಲಿಂದನ ಹಡಗ ಹತ್ತಿದರು” ಎಂದಳು. ಇಲ್ಲಿಂದಲೇ ಎಂಬುದಕ್ಕೆ ಏನು ಆಧಾರ ಎಂದೆ. “ಸಮುದ್ರ ಐತಿ ಕದಾ?” ಎಂದಳು. ಸುದ್ದಿಮನೆಯಲ್ಲಿ ಈ ಉತ್ತರ ನಡೆಯುವುದಿಲ್ಲ. ಸಮುದ್ರದ ಮುಂದೆ ನಡೆಯುತ್ತದೆ.

ಹಿಂದೆ ಸರಿಯುವಾಗ ನನ್ನ ಚಪ್ಪಲಿ ಹರಡಿದ್ದ ಬಲೆಯೊಂದಕ್ಕೆ ಸಿಕ್ಕಿಕೊಂಡು ಕೂತುಬಿಟ್ಟೆ. ಬಲೆ ಹೊಲಿಯುತ್ತಿದ್ದ ಹೆಂಗಸು ನಕ್ಕು, “ದೊಡ್ಡ ಮೀನೇ ಬಿತ್ತು” ಎಂದು ತೆಲುಗಿನಲ್ಲಿ ಪಕ್ಕದವಳಿಗೆ ಹೇಳಿದಳು. ಕಾಲು ಬಿಡಿಸಿಕೊಳ್ಳುವಾಗ ಬಲೆಯ ಅಂಚಿನುದ್ದಕ್ಕೂ ಕಟ್ಟಿದ್ದ ಸೀಸದ ತುಂಡುಗಳು ಕೈಗೆ ಒತ್ತಿದವು. ಒತ್ತಿದ್ದು ನೆನಪಿದೆ. ಅದರಲ್ಲಿ ಸುದ್ದಿ ಇದೆ ಎಂದು ಹೊಳೆಯಲಿಲ್ಲ.

ನಿಲ್ದಾಣ

ರೈಲು ನಿಲ್ದಾಣದ ಬಾಗಿಲಲ್ಲಿ ಸಾಮಾನಿನೊಳಗೆ ಇಣುಕುವ ಯಂತ್ರವಿದೆ. ಎಲ್ಲರ ಚೀಲಗಳೂ ಅದರ ಬಾಯಲ್ಲಿ ಹೋಗಿ ಬಾಲದಲ್ಲಿ ಬಂದವು. ನಮ್ಮ ಟ್ರಂಕು ಹೊಟ್ಟೆಯಲ್ಲೇ ನಿಂತಿತು. ಪರದೆ ನೋಡುತ್ತಿದ್ದ ಕಾನ್‌ಸ್ಟೇಬಲ್, ನರೆತ ಮೀಸೆಯ ಶಾಂತ ಮನುಷ್ಯ, ಬೆರಳಿಟ್ಟು “ಇದೇನು?” ಎಂದರು.

“ಬುಲೆಟ್ ಅಂಡಿ” ಎಂದಳು ಸಣ್ಣವ್ವ, ಹೆಮ್ಮೆಯಿಂದ.

ನಮ್ಮ ಹಿಂದಿನ ಸಾಲು ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯಿತು.

“ಸಣ್ಣವ್ವ, ಸುಮ್ನಿರು” ಎಂದೆ.

“ಯಾಕ ಸುಮ್ನಿರಲಿ? ಪೊಲೀಸರ ಮುಂದ ಸುಳ್ಳು ಹೇಳ್ಲಿ ಏನು? ಬುಲೆಟ್ ಅಂಡಿ. ಬರ್ಮಾ ಯುದ್ಧಂ. ತೊಡೀಗೆ ಬಡದದ್ದು.” ಎರಡು ಭಾಷೆಗಳನ್ನು ಕಲಸಿ, ತನ್ನದೇ ತೊಡೆ ತಟ್ಟಿ ತೋರಿಸಿದಳು.

ಟ್ರಂಕನ್ನು ಪಕ್ಕದ ಮೇಜಿನ ಮೇಲಿಟ್ಟು ತೆರೆಸಿದರು. ಕಾನ್‌ಸ್ಟೇಬಲ್ ಒಂದೊಂದೇ ವಸ್ತು ತೆಗೆದು ಮೇಜಿನ ಮೇಲೆ ಇಡತೊಡಗಿದರು. ಸಣ್ಣವ್ವನಿಗೆ ತಡೆಯಲಾಗಲಿಲ್ಲ. “ಬಿಲ್ಲೆ ಬಲಕ್ಕ ಅಂಡಿ. ಚೆಂಬು ಕೋಟಿನ ಮ್ಯಾಲಿನ ಕಡೆ.” ಅವರು ಪಾಪ, ಇಟ್ಟರು. ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದರು. ಮಗು ಎತ್ತಿಕೊಂಡ ಹೆಂಗಸೊಬ್ಬಳು ಕುಂಕುಮದ ಗುರುತು ಕಂಡು, ಯಾವ ದೇವರು ಎಂದು ಕೇಳದೆಯೇ ಪದಕ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಮ್ಮ ರೈಲು ಬರುವುದನ್ನು ಧ್ವನಿವರ್ಧಕ ಮೂರು ಭಾಷೆಯಲ್ಲಿ ಸಾರುತ್ತಿತ್ತು.

ಕೊನೆಗೆ ಗುಂಡು ಅವರ ಕೈಗೆ ಬಂತು. ಕೆಂಪು ದಾರ ಹಿಡಿದು ಎತ್ತಿ, ತೂತಿನಲ್ಲಿ ಬೆಳಕು ನೋಡಿ, ಮೀಸೆಯೊಳಗೇ ನಕ್ಕರು. “ಅಮ್ಮಾ, ಇದಿ ಬುಲೆಟ್ ಕಾದಮ್ಮಾ. ವಲಕು ಕಟ್ಟೇ ಸೀಸಂ.” ಇದು ಬುಲೆಟ್ ಅಲ್ಲ, ‘ವಲ’ ಎಂದರೆ ಬಲೆ, ಅದು ಮುಳುಗಲೆಂದು ಅಂಚಿಗೆ ಕಟ್ಟುವ ಸೀಸ. ತಮ್ಮ ತಾಯಿಯ ತವರು ಭೀಮಿಲಿ, ಚಿಕ್ಕವರಿದ್ದಾಗ ಇಂಥವನ್ನು ಗೋಲಿ ಮಾಡಿಕೊಂಡು ಆಡುತ್ತಿದ್ದೆವು ಎಂದರು. ಬುಲೆಟ್ ಆಗಿದ್ದರೆ ಮೇಲಿನವರನ್ನು ಕರೆಯಬೇಕಿತ್ತು, ಬರೆಯಬೇಕಿತ್ತು. ಇದಾದರೆ ಏನೂ ಇಲ್ಲ, ಹೊರಡಿ, ರೈಲು ಬಂತು.

ಬಿಡುಗಡೆ ಸಿಕ್ಕವರು ಓಡಬೇಕು. ಸಣ್ಣವ್ವ ವಾದಕ್ಕೆ ನಿಂತಳು. “ಕಾದು ಅಂಡಿ, ಬುಲೆಟ್ಟೇ! ನಾಲ್ವತ್ತು ವರ್ಷದಿಂದ ನಾನ ಪೂಜಾ ಮಾಡೀನಿ!”

“ಹಾಗಾದರೆ ಮೇಡಂ, ಬುಲೆಟ್ ಎಂದು ಬರೆದುಕೊಳ್ಳಲಾ?” ಎಂದು ಅವರು ಮೆತ್ತಗೆ ಕೇಳಿದರು.

ನಾನು ಟ್ರಂಕಿನ ಒಂದು ಕಿವಿಯನ್ನೂ ಸಣ್ಣವ್ವನ ತೋಳನ್ನೂ ಹಿಡಿದು ಎಳೆದೆ.

ರೈಲಿನಲ್ಲಿ

ರೈಲು ಅನಕಾಪಲ್ಲಿ ದಾಟಿತು. ಸಣ್ಣವ್ವ ದಾರ ಹಿಡಿದು ಆ ಸೀಸವನ್ನು ಕಣ್ಣ ಮುಂದೆ ತೂಗಿಸಿದಳು. “ಪ್ರತಿ ವರ್ಷ ನಾನ ಕೈಯಾರೆ ಹೊಸ ದಾರ ಪೋಣಿಸೀನಿ. ಗುಂಡಿಗೆ ತೂತು ಯಾಕ ಇರತೈತಿ ಅಂತ ಒಂದಿನಾ ಅನಸಲಿಲ್ಲ ನೋಡು.”

“ನೀ ಬಯಲುಸೀಮ್ಯಾಕಿ. ಬಲಿ ಎಲ್ಲಿ ನೋಡೀದಿ?”

“ಸಮುದ್ರದ ದಂಡಿಗೆ ಇಷ್ಟು ವರ್ಷ ಬಾಳೇವು ಮಾಡೀನಿ. ಗಾಳಿ ತಗೊಳ್ಳಾಕ ಹೋಗೀನಿ, ಸುಟ್ಟ ಗೋವಿನ ಜ್ವಾಳ ತಿಂದೀನಿ. ಬಲಿ ಮುಟ್ಟಿಲ್ಲ.” ಸೀಸವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, “ನಾಳೆ ಏನಾಕ್ಕೈತಿ ಗೊತ್ತೈತಿ ಏನು? ಸಂಗ್ರಹಾಲಯದಿಂದ ಬರೂ ಹುಡುಗಿ ನೋಡಿದ ಕೂಡಲೆ ಇದು ಗುಂಡಲ್ಲ ಅಂತಾಳ. ಬಾವಗಾರು, ಕನ್ನಡದಾಕಿ ಕೈಯಾಗ ಕೊಟ್ಟಿವಿ, ಖರೇ ಗುಂಡು ಕಳಕೊಂಡು ಬಲಿ ಗುಂಡು ತಂದಿಟ್ಟಳು ಅಂತಾರ. ಪೆಟಿಗಿನೂ ಕೊಡೂದಿಲ್ಲ ಅಂತಾರ. ಆ ಕಾಗದ ಬಾವಗಾರು ಮನ್ಯಾಗ ಕೂತು ಹುಡಿಯಾಗತಾವ.”

ಸುಮ್ಮನಿದ್ದುಬಿಡು, ನೋಡುವವರು ನೋಡಲಿ ಎಂದೆ.

“ಬ್ಯಾಂಕಿನ್ಯಾಗ ಬಂಗಾರದ ಸಾಲಕ್ಕ ಕೂತಾಕಿ ನಾ. ಬಳಗದವರ ಉಂಗುರಾನ ನಕಲಿ ಅಂತ ವಾಪಸ್ ಕೊಟ್ಟೀನಿ. ಈಗ ಸುಮ್ನಿರಲಿ?”

ಎದುರು ಸೀಟಿನಲ್ಲಿ ಒಬ್ಬ ಹಿರಿಯರು ಹೆಂಡತಿಯೊಂದಿಗೆ ಕೂತಿದ್ದರು. ಪುಳಿಹೋರದ ಡಬ್ಬಿ ತೆರೆದು ನಮಗೂ ಎರಡು ಎಲೆ ಹಾಕಿದರು. ಕೊಟ್ಟ ಮೇಲೆ ಕೇಳುವ ಹಕ್ಕು ಬರುತ್ತದೆ. ಕಾಲು ಚಾಚಿ ನಮ್ಮ ಟ್ರಂಕಿನ ಮೇಲಿಟ್ಟಿದ್ದ ಅವರು, ಇದರಲ್ಲಿ ಏನಿದೆ ಎಂದರು. ಸಣ್ಣವ್ವನ ಮನಸ್ಸು ಇನ್ನೆಲ್ಲೋ ಇತ್ತು. “ಮಾ ತಾತಗಾರು” ಎಂದಳು. ನಮ್ಮ ಅಜ್ಜನವರು.

ಹಿರಿಯರು ಕೆಂಡ ತುಳಿದವರಂತೆ ಕಾಲೆತ್ತಿದರು. ಚಪ್ಪಲಿಯನ್ನೂ ಸೀಟಿನ ಕೆಳಗೆ ತಳ್ಳಿದರು. ಅಸ್ಥಿ ಎಂದುಕೊಂಡಿದ್ದಾರೆಂದು ನನಗೆ ತಡವಾಗಿ ತಿಳಿಯಿತು. ರಾಜಮಂಡ್ರಿಯ ಹತ್ತಿರ ಗೋದಾವರಿಯ ಸೇತುವೆ ಬಂದಾಗ ಬೋಗಿಯ ಜನವೆಲ್ಲ ಕಿಟಕಿಗೆ ಬಂದು ನಾಣ್ಯ ಎಸೆದರು. ಹಿರಿಯರು ಎರಡು ಎಸೆದರು. ಒಂದು ತಮ್ಮದು, ಇನ್ನೊಂದು ಟ್ರಂಕಿನ ಕಡೆ ತಲೆಬಾಗಿ. “ಇಲ್ಲೇ ಗೋದಾವರಿಯಲ್ಲಿ ಬಿಡಬಹುದಿತ್ತಲ್ಲ?” ಎಂದು ಅವರ ಹೆಂಡತಿ ಪಿಸುಗುಟ್ಟಿದರು. “ಕೃಷ್ಣೆಯಲ್ಲೇ ಬಿಡಬೇಕೆಂದು ದೊಡ್ಡವರ ಕೊನೆಯಾಸೆ ಇರುತ್ತದೆ, ನಿನಗೇಕೆ?” ಎಂದು ಅವರೇ ಉತ್ತರವನ್ನೂ ಕೊಟ್ಟರು.

ತಿದ್ದಬೇಕಿತ್ತು, ಅದೇ ನನ್ನ ವೃತ್ತಿ. ಆದರೆ ಅಷ್ಟರಲ್ಲಿ ಸಣ್ಣವ್ವ ಸೆರಗು ಬಾಯಿಗಿಟ್ಟು ನಗುವುದು ಕಂಡಿತು. ಅವರು ಅಳು ಎಂದುಕೊಂಡು ಸಮಾಧಾನ ಹೇಳಿದರು. ಹಾಗೇ ಬಿಟ್ಟೆ.

ವಿಜಯವಾಡ

ಸೂರ್ಯಾರಾವ್ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಬೋಗಿಯ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೋ ಸರಿಯಾಗಿ ಅಲ್ಲೇ ನಿಂತಿದ್ದರು. ರೈಲು ನಿಂತಾಗ ಬಾಗಿಲಿಗೂ ಅವರ ಮೂಗಿಗೂ ಒಂದು ಗೇಣು ಅಂತರ. ನೆಟ್ಟಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. “ಬಾಮ್ಮಾ ಶಕುಂತಲಾ” ಎಂದರು. ನನಗೆ ನಮಸ್ಕಾರ, ಟ್ರಂಕಿಗೆ ಸೆಲ್ಯೂಟಿನಂಥದ್ದೊಂದು.

ಅವರ ಮನೆಯ ಗೋಡೆಯ ಮೇಲೆ ಎದೆಯೆತ್ತರಕ್ಕೆ ಒಂದು ಕಂದು ಗೆರೆ. ನೆರೆ ಬಂದಾಗ ನೀರು ನಿಂತ ಗುರುತು. ಬಣ್ಣ ಬಳಿದರೂ ಮತ್ತೆ ಮೂಡುತ್ತದಂತೆ. ಅದಕ್ಕಿಂತ ಮೇಲೆ ಕ್ಯಾಲೆಂಡರು, ಗಡಿಯಾರ, ಹಿರಿಯರ ಫೋಟೋ. ಅದಕ್ಕಿಂತ ಕೆಳಗೆ ಗೋಡೆ ಖಾಲಿ. ಪೆಟ್ಟಿಗೆ ಇಲ್ಲೇ ಇರಲಿ ಎನ್ನುವವರ ವಾದಕ್ಕೆ ಆ ಗೆರೆಯೇ ಉತ್ತರ ಹೇಳುತ್ತಿತ್ತು. ಯಾರೂ ಅದರ ಕಡೆ ಕೈ ತೋರಿಸಲಿಲ್ಲ.

ಊಟಕ್ಕೆ ಗೋಂಗೂರ ಪಚ್ಚಡಿ. ನಮ್ಮ ಪುಂಡಿಪಲ್ಲೆಯೇ, ಆದರೆ ಜಗಳಕ್ಕೆ ನಿಂತ ಪುಂಡಿಪಲ್ಲೆ. ಸೂರ್ಯಾರಾವ್ ಅವರ ಹೆಂಡತಿಯನ್ನು ಸಣ್ಣವ್ವ ಅಕ್ಕಯ್ಯ ಎನ್ನುತ್ತಾಳೆ. ಅಕ್ಕಯ್ಯ ನನ್ನ ಕಣ್ಣೀರು ನೋಡಿ ತುಪ್ಪ ಸುರಿದರು. ಸಣ್ಣವ್ವನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

“ಏಂ, ಉಣ್ಣುವುದಿಲ್ಲವೇ?” ಎಂದರು ಸೂರ್ಯಾರಾವ್. “ತಾತಗಾರನ್ನು ಗಾಜಿನಲ್ಲಿಡಲು ಈಗಲೇ ಮನಸ್ಸು ಹಿಂದೇಟು ಹಾಕುತ್ತಿದೆಯಾ? ನಾನು ಮೊದಲೇ ಹೇಳಿದ್ದೆ. ಬಂದವರೆಲ್ಲ ಭೂತಗನ್ನಡಿ ಹಿಡಿದು ನೋಡಲು ಅವರೇನು ಅಂಗಡಿಯ ಸರಕೇ? ಮನೆಯ ಸಾಮಾನು ಮನೆಯವರು ನೋಡಬೇಕು, ದೂರದಿಂದ, ಭಕ್ತಿಯಿಂದ.”

ದೂರದಿಂದ ಎಂಬುದನ್ನು ಎರಡು ಸಲ ಹೇಳಿದರು.

ಮರುದಿನ ಬೆಳಿಗ್ಗೆ ಸಂಗ್ರಹಾಲಯದಿಂದ ಲಾವಣ್ಯ ಎಂಬ ಯುವತಿ ಬಂದಳು. ಕೈಗವಸು, ಭೂತಗನ್ನಡಿ, ಚೆನ್ನಾದ ನಗು. ಅಕ್ಕಯ್ಯ ಬಿಳಿ ಬಟ್ಟೆ ಹಾಸಿದರು, ಸಣ್ಣವ್ವ ಕ್ರಮವಾಗಿ ಇಟ್ಟಳು. ಲಾವಣ್ಯ ಮೊದಲು ಪದಕ ಎತ್ತಿದಳು. ಇಂಥ ಪದಕಗಳ ಅಂಚಿನಲ್ಲಿ ಪಡೆದವನ ಹೆಸರು ಒತ್ತಿರುತ್ತಾರಂತೆ. ಗಾಜಿನಲ್ಲಿ ನೋಡಿದಾಗ ಅಪ್ಪಲಸ್ವಾಮಿಯ ಅರ್ಧ ಹೆಸರು ಸಿಕ್ಕಿತು. ಉಳಿದರ್ಧವನ್ನು ದಸರೆ ದಸರೆಗೆ ತಿಕ್ಕಿದ ಹುಣಸೆಹಣ್ಣು ತಿಂದುಹಾಕಿತ್ತು. “ಅರ್ಧ ಸಾಕು, ಕಾಗದದಲ್ಲಿ ಪೂರ್ತಿ ಇದೆ” ಎಂದಳು. ಸಣ್ಣವ್ವ ಉಸಿರು ಬಿಟ್ಟಳು. ಕೋಟಿನ ಹೊಲಿಗೆ, ಬಿಲ್ಲೆ, ಅರಗಿನ ಡಬ್ಬಿ, ಎಲ್ಲಕ್ಕೂ ತಲೆಯಾಡಿಸಿದಳು. ಗುಂಡಿನ ಕಡೆ ಕೈ ಹೋಯಿತು.

“ಅದನ್ನು ಬಿಡಮ್ಮಾ” ಎಂದರು ಸೂರ್ಯಾರಾವ್, ಸ್ವಲ್ಪ ಜೋರಾಗಿ. “ನೂರು ಕೈ ಮುಟ್ಟಿದ ವಸ್ತು. ಅದರಲ್ಲೇನು ನೋಡುವುದು? ಕಾಫಿ ತಗೋ.”

ಲಾವಣ್ಯ ಕೈ ಹಿಂದೆಗೆದಳು. ಕಾಫಿಯ ಹೊಗೆಯಲ್ಲಿ ವಿಷಯ ತೇಲಿಹೋಗಬಹುದಿತ್ತು. ನಾನು ಸಣ್ಣವ್ವನ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಎದ್ದು ನಿಂತಳು. ಆ ಮನೆಯಲ್ಲಿ ಬಾವಗಾರ ಮುಂದೆ ಅವಳು ಕೂತು ಮಾತಾಡಿದ್ದಿಲ್ಲ.

“ಬಾವಗಾರು, ಇದಿ ಬುಲೆಟ್ ಕಾದಂಡಿ” ಎಂದಳು. ಮುಂದಿನದನ್ನೂ ತೆಲುಗಿನಲ್ಲೇ ಹೇಳಿದಳು, ನಿಧಾನವಾಗಿ, ಸಾಲ ಪಡೆದವರಿಗೆ ಬ್ಯಾಂಕಿನ ನಿಯಮ ಹೇಳುವ ಹಾಗೆ. ಇದು ಬಲೆಗೆ ಕಟ್ಟುವ ಸೀಸ. ನಿನ್ನೆ ತಿಳಿಯಿತು. ಯಾವಾಗ ಬದಲಾಯಿತೋ ಗೊತ್ತಿಲ್ಲ. ಪೆಟ್ಟಿಗೆ ನನ್ನ ಬಳಿ ಇತ್ತು, ಮಾತು ಬಂದರೆ ನನ್ನ ಮೇಲೆ ಬರಲಿ. ಆದರೆ ಅದಕ್ಕಾಗಿ ಕಾಗದಗಳನ್ನು ಹಾಳುಮಾಡಬೇಡಿ.

ಸೂರ್ಯಾರಾವ್ ಗೋಡೆಯ ಗಡಿಯಾರ ನೋಡಿದರು, ರೈಲು ಬಿಡುವ ಹೊತ್ತಾಗಿದೆಯೇ ಎಂದು ನೋಡುವವರಂತೆ.

“ನಿನ್ನ ಕೈಯಲ್ಲಿ ಬದಲಾದದ್ದಲ್ಲಮ್ಮಾ” ಎಂದರು.

“ಮತ್ತೆ ಯಾರ ಕೈಯಲ್ಲಿ?” ಎಂದರು ಅಕ್ಕಯ್ಯ.

ಚಿಕ್ಕಂದಿನಲ್ಲಿ, ಭೀಮಿಲಿಯಲ್ಲಿ, ಅವರ ಬಳಿ ರಬ್ಬರು ಕಟ್ಟಿದ ಒಂದು ಕವಣೆ ಇತ್ತಂತೆ. ಕಲ್ಲು ಹೊಡೆದರೆ ಕಾಗೆಗಳು ಅಂಜುತ್ತಿರಲಿಲ್ಲ. ಯುದ್ಧದ ಗುಂಡು ಹೊಡೆದರೆ ಅಂಜಬಹುದು ಎನಿಸಿತು. ದೋಣಿಯ ಹಾಯಿಕಂಬದ ಮೇಲೆ ಕೂತಿದ್ದ ಕಾಗೆಗೆ ಗುರಿಯಿಟ್ಟರು. ಕಾಗೆ ಅಲ್ಲೇ ಉಳಿಯಿತು, ಗುಂಡು ಸಮುದ್ರಕ್ಕೆ ಹೋಯಿತು. ಅದೇ ದಡದಲ್ಲಿ ಒಣಗಲು ಹಾಕಿದ್ದ ಬಲೆಯಿಂದ ಒಂದು ಸೀಸ ಕಿತ್ತುಕೊಂಡು ಬಂದು ಪೆಟ್ಟಿಗೆಯಲ್ಲಿಟ್ಟರು.

“ತೂತು ಯಾರಿಗೂ ಕಾಣಲಿಲ್ಲವೇ?” ಎಂದೆ. ಸುದ್ದಿಮನೆಯ ಪ್ರಶ್ನೆ, ತಡೆಯಲಾಗಲಿಲ್ಲ.

“ನಮ್ಮಮ್ಮನಿಗೆ ಕಂಡಿತು. ಅತ್ತೆಯನ್ನು ಕೇಳಿದಳು. ಆ ಅತ್ತೆ, ಅಂದರೆ ನಮ್ಮ ನಾಯನಮ್ಮನಿಗೆ, ಆಗ ಕಣ್ಣು ಮಂಜಾಗಿತ್ತು, ಆದರೆ ಈ ಮನೆಯ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಇದೆ ಎಂದು ಒಪ್ಪುವವಳಲ್ಲ. ‘ತೂತು ಇಲ್ಲದೆ ಇನ್ನೇನು? ಅವರು ದಾರ ಹಾಕಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು’ ಎಂದುಬಿಟ್ಟಳು. ಅಂದಿನಿಂದ ದಾರ ಬಂತು. ನಾನು ಬದುಕಿಕೊಂಡೆ.”

ಕೊರಳಿನ ಕಥೆಗೆ ಮೂಲ ಸಿಕ್ಕಿತು. ಒಬ್ಬರೇ ಮೂಲ, ಅವರಿಗೂ ಕಣ್ಣು ಕಾಣುತ್ತಿರಲಿಲ್ಲ.

“ಅಂದರೆ ಈ ಮನೆಗೆ ಬಂದಾಗಿನಿಂದ ನಾನು ಮೀನಿನ ಬಲೆಗೆ ಕುಂಕುಮ ಹಚ್ಚಿದ್ದೇನೆ!” ಎಂದರು ಅಕ್ಕಯ್ಯ. “ಪ್ರತಿ ವರ್ಷ ಎದೆ ಸೆಟೆಸಿ ‘ಗುಂಡು?’ ಎಂದು ಕೂಗುತ್ತಿದ್ದಿರಲ್ಲ, ಯಾವ ಬಾಯಲ್ಲಿ? ಮನೆಯಲ್ಲಿ ಒಂದು ಚಮಚ ಕಾಣದಿದ್ದರೆ ನನ್ನನ್ನು ವಿಚಾರಣೆ ಮಾಡುವ ಮನುಷ್ಯ!”

“ಅದಕ್ಕೇ ಕೊನೆಯಲ್ಲಿ ಕೂಗುತ್ತಿದ್ದೆ” ಎಂದರು ಸೂರ್ಯಾರಾವ್. “ಬೇಗ ಮುಗಿಯಲಿ ಎಂದು.”

ಮೊದಲು ನಕ್ಕವಳು ಲಾವಣ್ಯ. ನಗಬಾರದಿತ್ತೇನೋ ಎಂದು ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಅಕ್ಕಯ್ಯ ನಕ್ಕಾಗಿತ್ತು. ಸಣ್ಣವ್ವ ಮಾತ್ರ ನಗಲಿಲ್ಲ. ನೆಲಕ್ಕೆ ಕೂತಳು. ಸೂರ್ಯಾರಾವ್ ಅವಳ ಎದುರು ಬಂದು, “ನೀನು ಆ ಮಾತು ಹೇಳದಿದ್ದರೆ ನಾನು ಹೇಳುತ್ತಿರಲಿಲ್ಲಮ್ಮಾ” ಎಂದರು. ಆಮೇಲೆ ಲಾವಣ್ಯಳ ಪೆ‌ನ್ನು ಕೇಳಿ ಪಡೆದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. ಕಂದು ಗೆರೆಯ ಕೆಳಗೆ ಇಷ್ಟು ದಿನ ಇದ್ದ ವಾದ ಅಲ್ಲಿಗೆ ಮುಗಿಯಿತು.

ಇನ್ನೆರಡು ತೊಡಕು ಉಳಿದಿದ್ದವು. ಬಲೆಯ ಸೀಸವನ್ನು ಯುದ್ಧದ ವಸ್ತುಗಳ ಜೊತೆ ಇಡಲಾಗುವುದಿಲ್ಲ ಎಂದಳು ಲಾವಣ್ಯ. ಮಹಾನವಮಿಯ ದಿನ ಸಂಗ್ರಹಾಲಯಕ್ಕೆ ರಜೆ, ಮೇಲಾಗಿ ಕೋಟಿಗೆ ಇನ್ನು ಕುಂಕುಮ ಹಚ್ಚುವಂತಿಲ್ಲ.

“ಮತ್ತ ಹಾಜರಿ?” ಎಂದಳು ಸಣ್ಣವ್ವ. ಆ ಮಾತು ಕನ್ನಡದಲ್ಲೇ ಬಂತು, ಎಲ್ಲರಿಗೂ ತಿಳಿಯಿತು.

ಲಾವಣ್ಯ ಒಂದೊಂದೇ ವಸ್ತುವನ್ನು ಮೆತ್ತನೆಯ ಕಾಗದದಲ್ಲಿ ಸುತ್ತಿ ತನ್ನ ಪೆಟ್ಟಿಗೆಗೆ ಇಟ್ಟಳು. ಬಿಳಿ ಬಟ್ಟೆಯ ಮೇಲೆ ಕೊನೆಗೆ ಆ ಸೀಸ ಮಾತ್ರ ಉಳಿಯಿತು. ಅಕ್ಕಯ್ಯ ಬಟ್ಟೆ ಮಡಚಲು ಬಂದರು. “ಇರ್ರಿ ಅಂಡಿ” ಎಂದು ಸಣ್ಣವ್ವ ಅದನ್ನು ಎತ್ತಿಕೊಂಡಳು.

ಇಂದ್ರಕೀಲಾದ್ರಿ

ಮರುದಿನ ಇಂದ್ರಕೀಲಾದ್ರಿ ಹತ್ತಿ ಕನಕದುರ್ಗೆಯ ದರ್ಶನಕ್ಕೆ ಹೋದೆವು. ದಸರೆಗೆ ಇನ್ನೂ ದಿನವಿದ್ದರೂ ಸಾಲು ಉದ್ದ. ನಮ್ಮ ಸವದತ್ತಿ ಗುಡ್ಡದಲ್ಲಿ ಸಾಲಿನಲ್ಲಿ ನಿಂತವರು ಉಧೋ ಉಧೋ ಎನ್ನುತ್ತಾರೆ. ಇಲ್ಲಿ ನಮ್ಮ ಹಿಂದಿದ್ದವರು ಫೋನಿನಲ್ಲಿ ಮನೆ ಬಾಡಿಗೆಯ ಮಾತು ಮುಗಿಸಿ, ಗರ್ಭಗುಡಿ ಕಂಡೊಡನೆ ಕಣ್ಣಲ್ಲಿ ನೀರು ತಂದುಕೊಂಡರು. ಭಕ್ತಿ ಎರಡೂ ಕಡೆ ಸರಿಯಾದ ಹೊತ್ತಿಗೇ ಬರುತ್ತದೆ.

ಸಣ್ಣವ್ವ ತಟ್ಟೆಯಲ್ಲಿ ಹೂವಿನ ಜೊತೆ ಆ ಸೀಸವನ್ನೂ ಇಟ್ಟಿದ್ದಳು. ಅರ್ಚಕರು ಹುಬ್ಬೇರಿಸಿ ಇದೇನು ಎಂದರು. ಅವಳು ಬಾಯಿ ತೆರೆಯುವ ಮೊದಲೇ ಸೂರ್ಯಾರಾವ್, “ವಲಕು ಕಟ್ಟೇ ಸೀಸಂ!” ಎಂದರು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಕೇಳುವ ಗಂಟಲು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಒಂದು ಜೀವಮಾನ ಬಾಯಲ್ಲಿಟ್ಟುಕೊಂಡಿದ್ದನ್ನು ಹೊರಗೆ ಹಾಕಿದ ಮನುಷ್ಯನ ಮುಖ ಹೇಗಿರುತ್ತದೆಂದು ನಾನು ಅಲ್ಲಿ ನೋಡಿದೆ. ಇಳಿಯುವಾಗ ಅವರು ನಮಗಿಂತ ಮುಂದೆ ಇದ್ದರು. ಕೆಳಗೆ ಕೃಷ್ಣೆ ಅಗಲವಾಗಿ ಬಿಸಿಲಿನಲ್ಲಿ ಬಿದ್ದುಕೊಂಡಿತ್ತು. ನಮ್ಮ ಆಲಮಟ್ಟಿಯಿಂದ ಬಂದ ನೀರೇ. ಇಲ್ಲಿ ಪರವೂರಿನ ನೀರಿನ ಹಾಗೆ ಕಂಡಿತು.

ಹುಬ್ಬಳ್ಳಿ

ಮಹಾನವಮಿಯ ಬೆಳಿಗ್ಗೆ ನಮ್ಮ ಕಚೇರಿಯಲ್ಲಿ ಆಯುಧಪೂಜೆ. ಮುದ್ರಣಯಂತ್ರಕ್ಕೆ ಬಾಳೆಕಂದು ಕಟ್ಟಿ, ನನ್ನ ಕಂಪ್ಯೂಟರಿನ ಹಣೆಗೂ ಕುಂಕುಮ ಹಚ್ಚಿದ್ದರು. ಅಷ್ಟರಲ್ಲಿ ಸಣ್ಣವ್ವನ ವಿಡಿಯೊ ಕರೆ ಬಂತು.

ಪರದೆಯಲ್ಲಿ ಎರಡು ಮನೆ. ಒಂದರಲ್ಲಿ ಸೂರ್ಯಾರಾವ್ ಮತ್ತು ಅಕ್ಕಯ್ಯ, ಹಿಂದೆ ಗೋಡೆಯ ಗೆರೆ. ಇನ್ನೊಂದರಲ್ಲಿ ಸಣ್ಣವ್ವ, ಅವಳ ಮುಂದೆ ನೆಲದ ಮೇಲೆ ಅಗಲವಾದ ಬಿಳಿ ಬಟ್ಟೆ. ಕೋಟಿನ ಜಾಗ ಖಾಲಿ, ಚೆಂಬಿನ ಜಾಗ ಖಾಲಿ, ಎಲ್ಲ ಜಾಗವನ್ನೂ ಹಾಗೇ ಬಿಟ್ಟು, ತುದಿಯಲ್ಲಿ ಹೊಸ ದಾರದ ಆ ಸೀಸ.

ಸೂರ್ಯಾರಾವ್ ಗಂಟಲು ಸರಿಮಾಡಿಕೊಂಡರು. “ನಾಯಕ್ ಅಪ್ಪಲಸ್ವಾಮಿ!”

“ಹಾಜರ್!” ಎಂದಳು ಸಣ್ಣವ್ವ.

“ಕೋಟು!”

“ವಿಜಯವಾಡ ಡ್ಯೂಟಿ ಅಂಡಿ!”

ಅಕ್ಕಯ್ಯ ಕಿಸಕ್ಕನೆ ನಕ್ಕರು. ಸೂರ್ಯಾರಾವ್ ನಗಲಿಲ್ಲ, ಕೆಲಸದ ಮೇಲಿದ್ದರು. ಬಿಲ್ಲೆ, ಪದಕ, ಚೆಂಬು, ಡಬ್ಬಿ, ಕಾಗದ. ಎಲ್ಲವೂ ವಿಜಯವಾಡ ಡ್ಯೂಟಿ.

“ಗುಂಡು!”

“ಸಮುದ್ರದಾಗ ಐತಿ ಅಂಡಿ.”

ಅಲ್ಲಿಗೆ ಹಾಜರಿ ಮುಗಿಯಬೇಕು. ನಾನು ಫೋನು ಇಡಲು ಹೊರಟಿದ್ದೆ. ಸೂರ್ಯಾರಾವ್ ಇನ್ನೂ ನೆಟ್ಟಗೇ ನಿಂತಿದ್ದರು. ಎದೆ ಸೆಟೆಸಿ, ಎಲ್ಲಕ್ಕಿಂತ ಜೋರಾಗಿ ಕೂಗಿದರು.

“ವಲ ಸೀಸಂ!”

“ಹಾಜರ್!” ಎಂದಳು ಸಣ್ಣವ್ವ.